ಅಮ್ಮನಿಗೆ ನರ್ಸ್ ಬೇಕಾ, ಆಯಾ ಸಾಕಾ?

ತೀರ್ಥಹಳ್ಳಿ, ಹೊಸನಗರ ಕಡೆ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದವರು ಇಬ್ಬರೇ. ಮಕ್ಕಳು ಬೆಂಗಳೂರಲ್ಲಿ. ಅಮ್ಮ ಜಾರಿ ಬಿದ್ದರು ಅಂದ ಕೂಡಲೇ ನನಗೆ ಫೋನು ಬರುತ್ತದೆ: "ಇಪ್ಪತ್ನಾಲ್ಕು ಗಂಟೆ ಇರೋ ನರ್ಸ್ ಇದ್ರೆ ಹೇಳಿ ಮಾರಾಯ್ರೆ." ಅಮ್ಮನಿಗೆ ಯಾವ ಕೆಲಸ ಮಾಡಿಕೊಳ್ಳಲು ಆಗುವುದಿಲ್ಲ ಅಂತ ಕೇಳಿದರೆ ಆ ಕಡೆ ಮಾತೇ ಇಲ್ಲ.

ಮೂಗಿನ ಪೈಪಿನಲ್ಲಿ ಊಟ, ಕ್ಯಾತಿಟರ್ (ಮೂತ್ರದ ಪೈಪು), ಗಾಯದ ಡ್ರೆಸ್ಸಿಂಗ್ ಇದ್ದರೆ ನರ್ಸೇ ಬೇಕು. ಎಎನ್ಎಂ ಅಥವಾ ಜಿಎನ್ಎಂ ನರ್ಸಿಂಗ್ ಕೋರ್ಸ್ ಓದಿದ್ದಾರಾ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯಾ ಕೇಳಿ. ಸ್ನಾನ, ಡೈಪರ್, ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸೋದು, ಇವಕ್ಕೆಲ್ಲ ಪಳಗಿದ ಆಯಾ ಸಾಕು. ಅದಕ್ಕೆ ನರ್ಸಿನ ಸಂಬಳ ಸುಮ್ನೆ ದಂಡ. ಮರೆವಿನ ಕಾಯಿಲೆ ಬೇರೆಯೇ ಮಾತು. ನಡುರಾತ್ರಿ ಬಾಗಿಲು ತೆಗೆದು ತೋಟಕ್ಕೆ ಹೊರಡುವ ಅಪ್ಪನಿಗೆ ಎಚ್ಚರವಾಗಿರುವವರು ಬೇಕು. ಹಗಲೂ ರಾತ್ರಿ ಒಬ್ಬರೇ ಅಂದರೆ ಅವರು ನಿದ್ದೆ ಮಾಡೋದು ಯಾವಾಗ?

ನಮ್ಮ ಗುಡ್ಡದ ಮನೆಗಳ ಕಷ್ಟ ಇನ್ನೊಂದಿದೆ. ಏಜೆನ್ಸಿಯವರು ಕಳಿಸಿದ ಹುಡುಗಿ ಬೇಸಿಗೆಯಲ್ಲಿ ನಗುತ್ತಾ ಬರುತ್ತಾಳೆ. ಜಡಿಮಳೆ ಹಿಡಿದು ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಒಂಟಿ ಮನೆಯಲ್ಲಿ ಯಾರು ನಿಲ್ಲುತ್ತಾರೆ? ಅವಳದೇನು ತಪ್ಪು? ಅದಕ್ಕೇ ನಾನು ಹೇಳೋದು, ದಿನದ ಕೆಲಸಕ್ಕೆ ಅದೇ ಊರಿನ ಹೆಂಗಸು, ಡ್ರೆಸ್ಸಿಂಗಿಗೆ ಪೇಟೆಯಿಂದ ಬಂದು ಹೋಗುವ ನರ್ಸ್. ಊರಲ್ಲಿ ಯಾರು ಒಪ್ಪಬಹುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರಿಗೆ ಮನೆಮನೆಯೂ ಗೊತ್ತು. ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಮಾತ್ರ ಜನ ಸಿಗೋದು ಕಷ್ಟ, ಮೊದಲೇ ಮಾತಾಡಿಟ್ಟುಕೊಳ್ಳಿ.

"ನಮ್ಮ ಜಾತಿಯವರೇ ಆಗಬೇಕು" ಅನ್ನುವವರಿಗೆ ನಾನು ಹುಡುಕಿಕೊಡುವುದಿಲ್ಲ. ಅಮ್ಮನ ಮೈ ತೊಳೆಸಲು ಆಗುತ್ತದಂತೆ, ಅಡುಗೆಮನೆಗೆ ಬರಬಾರದಂತೆ! ಆಯಾಳನ್ನು ಅಡಿಕೆ ಸುಲಿಯಲು ಕೂರಿಸುವವರೂ ಇದ್ದಾರೆ. ಆಮೇಲೆ "ಸರಿಯಾಗಿ ನೋಡಿಕೊಳ್ಳಲ್ಲ" ಅಂತ ದೂರು.

ಕೆಲಸಕ್ಕೆ ಬರುವವರ ಗುರುತಿನ ಚೀಟಿ ನೋಡಿ, ಪೊಲೀಸ್ ಪರಿಶೀಲನೆ ಮಾಡಿಸಿ. ಬೈಯೋದು, ಹೊಡೆಯೋದು ಅನ್ನುವ ಅನುಮಾನ ಬಂದರೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ. ಮಗ ಅಥವಾ ಮಗಳು ಮೊದಲ ಕೆಲವು ದಿನ ಮನೆಯಲ್ಲೇ ಇರಿ. ಅಮ್ಮನಿಗೆ ಕೆಲಸಕ್ಕೆ ಬಂದವರು ಹಿಡಿಸಿದರಾ ಅಂತ ಅಮ್ಮನನ್ನೇ ಕೇಳಿ, ಆದರೆ ಅವರ ಎದುರಿಗೆ ಬೇಡ.

ವಾರಕ್ಕೊಂದು ರಜೆ ಕೊಡಲೇಬೇಕು ಅಲ್ವಾ? ಆ ದಿನ ಯಾರು ಅಂತ ಈಗಲೇ ತೀರ್ಮಾನ ಮಾಡಿ. ಬೆಂಗಳೂರಿನಿಂದ ಬಸ್ಸೂ ಇದೆ, ಶಿವಮೊಗ್ಗದವರೆಗೆ ರೈಲೂ ಇದೆ.