ವಿಲ್ಲಿಂಗ್‌ನೆಸ್ ಕೊಟ್ರಾ?

ಬಡ್ತಿಯ ಕಾಲ ಬಂದರೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ವಿಲ್ಲಿಂಗ್‌ನೆಸ್ ಕೊಟ್ರಾ?’ ಬಡ್ತಿ ಅಂದ ಮೇಲೆ ವರ್ಗ ಇದ್ದದ್ದೇ, ಎಲ್ಲಿಗೆ ಹಾಕಿದರೂ ಹೋಗುತ್ತೇನೆ ಅಂತ ಮೊದಲೇ ಬರೆದುಕೊಡಬೇಕು. ಮೊನ್ನೆ ನನ್ನ ಸರದಿ ಬಂತು. ಕನ್ನಡದಲ್ಲೇ ಬರೆಯೋಣ ಅಂತ ಕೂತೆ. ಆ ಪದದ ಹತ್ತಿರ ಬಂದು ಪೆನ್ನು ನಿಂತಿತು.

ಒಪ್ಪಿಗೆ ಅನ್ನಬಹುದು. ಆದರೆ ಹಲ್ಲು ಕಚ್ಚಿಕೊಂಡೂ ಒಪ್ಪಿಗೆ ಕೊಡಬಹುದು, ಅಲ್ವಾ? ಇಷ್ಟ ಅಂದರೆ ಜಾಸ್ತಿಯಾಯಿತು, ಬೀದರಿಗೆ ಹಾಕಿ ಅಂತ ನಾನೇ ಕಾಡಿಬೇಡಿದ ಹಾಗೆ. ‘ಸ್ವಇಚ್ಛೆಯಿಂದ’ ಅಂದರೆ ರಾಜೀನಾಮೆಯ ವಾಸನೆ ಹೊಡೆಯುತ್ತದೆ.

ತಮಾಷೆ ಅಂದರೆ, ಬೇಡ ಅನ್ನುವ ಮನಸ್ಸಿಗೆ ನಮ್ಮಲ್ಲಿ ಗಟ್ಟಿ ಪದವಿದೆ: ಒಲ್ಲೆ. ಧಾರವಾಡದ ಕಡೆ ಪುಟ್ಟ ಮಗು ಮುಖ ತಿರುಗಿಸಿ ‘ನಾ ಒಲ್ಲೆ’ ಅಂದರೆ ಮುಗಿಯಿತು, ಇನ್ನು ತುತ್ತು ಒಳಗೆ ಹೋಗುವುದಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಒಲ್ಲದ ಮನಸ್ಸಿನಿಂದ ಎಷ್ಟು ಮದುವೆಗೆ ಹೋಗಿ ಬಂದಿಲ್ಲ ನಾವು! ಆದರೆ ‘ಒಲ್ಲುವ ಮನಸ್ಸು’ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಅದೇ ಬೇರಿನ ಒಲಿ, ಒಲವು, ಒಲುಮೆ ಎಲ್ಲವೂ ಪ್ರೀತಿಯ ಬೀದಿಯಲ್ಲಿ ಮನೆ ಮಾಡಿಕೊಂಡಿವೆ. 12ನೇ ಶತಮಾನದಲ್ಲಿ ಬಸವಣ್ಣನವರು ಕೂಡಲಸಂಗಮದೇವನನ್ನು ‘ಒಲಿಸುವ ಪರಿ’ ಹೇಳಿಕೊಟ್ಟರು, ಸರಿ. ನಾನು ‘ಬೀದರಿಗೆ ಒಲಿದಿದ್ದೇನೆ’ ಅಂತ ಬರೆದರೆ ಸಾಹೇಬರು ಏನಂದುಕೊಂಡಾರು?

ಹಾಗಾಗಿ ನಾವು ಮನಸ್ಸು ‘ಮಾಡುತ್ತೇವೆ’. ಇರುವ ಮನಸ್ಸು ಸಾಲದು, ರೊಟ್ಟಿಯ ಹಾಗೆ ಆಗಾಗ ಬಿಸಿಬಿಸಿ ಮಾಡಬೇಕು. ಸಾಹೇಬರು ಮನಸ್ಸು ಮಾಡಿದರೆ ಐದು ನಿಮಿಷದ ಕೆಲಸ ಅಂತ ಮೂರು ತಿಂಗಳು ಓಡಾಡಿದವರು ಹೇಳುತ್ತಾರೆ. ಕೈಸಾಲ ಕೇಳುವವರಿಗೆ ಬರೀ ಮನಸ್ಸು ಸಾಕಾಗುವುದಿಲ್ಲ, ದೊಡ್ಡ ಮನಸ್ಸೇ ಮಾಡಬೇಕು.

ಇನ್ನು ಊಟದ ಪಂಕ್ತಿಯ ಕಥೆ ಬೇರೆ. ಹೋಳಿಗೆ ಬಂದಾಗ ‘ಸಾಕು ಸಾಕು’ ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಪಕ್ಕದಲ್ಲಿ ಒಂದು ಹೋಳಿಗೆ ಜಾರುವಷ್ಟು ಜಾಗ ಬಿಟ್ಟು. ಬಡಿಸುವವರು ಬಾಯಿ ಮಾತು ಕೇಳುವುದೇ ಇಲ್ಲ, ಸುಮ್ನೆ ಕೈ ನೋಡುತ್ತಾರೆ. ತುಪ್ಪದವರಂತೂ ಅದನ್ನೂ ನೋಡುವುದಿಲ್ಲ.

ಕೊನೆಗೆ ‘ಹೋಗಲು ಸಿದ್ಧನಿದ್ದೇನೆ’ ಅಂತ ಬರೆದು ಕೊಟ್ಟೆ. ಗುಮಾಸ್ತರು ಎರಡು ಸಲ ಓದಿದರು. ‘ಎಲ್ಲಾ ಸರಿ ಸಾರ್, ಇದರಲ್ಲಿ ವಿಲ್ಲಿಂಗ್‌ನೆಸ್ ಎಲ್ಲಿದೆ?’ ಅಂದರು. ಕಾಗದ ವಾಪಸ್ ತಗೊಂಡು, ಮೇಲೆ ‘ವಿಷಯ’ ಅನ್ನುವಲ್ಲಿ ಕನ್ನಡ ಅಕ್ಷರದಲ್ಲೇ ಅದನ್ನು ಸೇರಿಸಿ ಕೊಟ್ಟೆ. ತಕ್ಷಣ ಸೀಲು ಬಿತ್ತು.