ನಡುಮನೆಯ ಸೇನಾಪತಿ

ರೋಮ್ ಪ್ರವಾಸದ ಮೂರನೆಯ ದಿನ ಹೆಂಡತಿಗೆ ಹೊಸ ಚಪ್ಪಲಿ ಕಚ್ಚಿತು. ಅವಳು ಕುಳಿತಲ್ಲಿಂದ ಏಳಲಾರೆ ಎಂದಳು. ಹಾಗಾಗಿ ಫೊಂಟನೆಲ್ಲಾ ಬೊರ್ಗೇಸೆ ಚೌಕದ ಗೂಡಂಗಡಿಗಳಿಗೆ ನಾನೊಬ್ಬನೇ ಹೋದೆ. ಹಳೆಯ ಪುಸ್ತಕ, ಹಳೆಯ ಮುದ್ರಿತ ಚಿತ್ರಗಳನ್ನು ಮಾರುವ ಜಾಗ ಅದು. ನನ್ನನ್ನು ಒಬ್ಬನೇ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಆದರೆ ಹಿಮ್ಮಡಿ ಉರಿಯುತ್ತಿತ್ತು.

ಚಿತ್ರಗಳ ರಾಶಿಯ ನಡುವೆ ಅವನು ಸಿಕ್ಕಿದ. ನುಣ್ಣನೆಯ ಬೋಳುತಲೆ, ಬಿಗಿದ ತುಟಿ, ಬುರುಡೆಯ ಬಲಗಡೆ ಗಾಯದ ಗುರುತು. ಕೆಳಗೆ ಲ್ಯಾಟಿನ್ನಿನಲ್ಲಿ ಹೆಸರು: ಸ್ಕಿಪಿಯೋ ಆಫ್ರಿಕಾನಸ್. ಕ್ರಿ.ಪೂ. 202ರಲ್ಲಿ ಜಾಮಾ ಯುದ್ಧದಲ್ಲಿ ಕಾರ್ತೇಜಿನ ದಂಡನಾಯಕ ಹ್ಯಾನಿಬಲನನ್ನು ಸೋಲಿಸಿದ ರೋಮಿನ ಸೇನಾಪತಿ. ಆನೆಗಳು ನುಗ್ಗಿ ಬಂದಾಗ ಸೈನ್ಯದ ನಡುವೆ ಓಣಿ ಬಿಟ್ಟು ಹಾಗೆಯೇ ಸಾಗಹಾಕಿದ ಜಾಣ. ಹದಿಹರೆಯದಲ್ಲೇ ಟಿಸಿನಸ್ ನದಿಯ ಬಳಿ ಗಾಯಗೊಂಡ ತಂದೆಯನ್ನು ಕಾಪಾಡಿದನಂತೆ. ತಲೆಯ ಗಾಯಕ್ಕೆ ಬೇರೆ ಕಾರಣ ಯಾಕೆ ಬೇಕು?

ನನಗೂ ಬೋಳುತಲೆ. ನನಗೂ ಗಾಯದ ಗುರುತು. ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬ ಇಳಿಸುವಾಗ ಆದದ್ದು, ಅದೂ ಎಡಗಡೆ. ಆದರೇನು, ಇಂಥ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತುತ್ತಾರೆ; ಕೊರೆದದ್ದು ಕಾಗದದ ಮೇಲೆ ಎಡಬಲ ತಿರುಗಿ ಮೂಡುತ್ತದೆ. ಕೊರೆದವನು ಅದನ್ನು ಮರೆತಿರಬೇಕು ಎಂದು ತೀರ್ಮಾನಿಸಿದೆ. ಅಂಗಡಿಯವನು ಆರು ಬೆರಳು ತೋರಿಸಿದ, ಅರವತ್ತು ಯೂರೋ. ನಾನು ನಾಲ್ಕು ತೋರಿಸಿದೆ. ಅವನು ಚಿತ್ರವನ್ನೊಮ್ಮೆ, ನನ್ನ ತಲೆಯನ್ನೊಮ್ಮೆ ನೋಡಿ ಐದಕ್ಕೆ ಇಳಿದ.

ಊರಿಗೆ ಬಂದ ಮೇಲೆ ಅಮ್ಮ ಕನ್ನಡಕ ಏರಿಸಿ ನೋಡಿದರು. "ಯಾವ ದೇವಸ್ಥಾನದ ಅರ್ಚಕರೋ ಇವರು?"

"ಅಮ್ಮಾ, ಇವನು ಸೇನಾಪತಿ! ಆನೆಗಳ ಸೈನ್ಯವನ್ನೇ ಗೆದ್ದವನು!"

"ಏನೋಪ್ಪ. ಮುಖ ನೋಡಿದರೆ ಮಡಿಯಲ್ಲಿದ್ದ ಹಾಗಿದೆ."

ಮನೆಯಲ್ಲಿದ್ದ ಹಳೆಯ ಫ್ರೇಮಿಗೆ ಚಿತ್ರ ಅರ್ಧ ಅಂಗುಲ ದೊಡ್ಡದಾಯಿತು. ಅಂಚಿನ ಸುತ್ತ ಕಾಗದ ತಗ್ಗಿ ಒಂದು ಗೆರೆ ಬಿದ್ದಿತ್ತು, ನೋಡಲು ಅಸಹ್ಯ. ಅದರ ಒಳಗಿನಿಂದಲೇ ನೀಟಾಗಿ ಕತ್ತರಿಸಿದೆ. ಇಷ್ಟು ನೇರವಾಗಿ ನಾನು ಜನ್ಮದಲ್ಲಿ ಏನನ್ನೂ ಕತ್ತರಿಸಿರಲಿಲ್ಲ. ಮರುದಿನ ಓದಿದಾಗ ತಿಳಿಯಿತು: ಆ ಗೆರೆ ಮುದ್ರಣಯಂತ್ರದ ಒತ್ತಡಕ್ಕೆ ತಾಮ್ರದ ತಗಡಿನ ಅಂಚು ಊರಿದ ಗುರುತು, ಬಲ್ಲವರು ಮೊದಲು ಹುಡುಕುವುದೇ ಅದನ್ನು. ಚಿತ್ರದ ಜಾತಕವನ್ನೇ ಕತ್ತರಿಸಿ ಬುಟ್ಟಿಗೆ ಹಾಕಿದ್ದೆ. ಕಸದ ಗಾಡಿ ಆಗಲೇ ಬಂದು ಹೋಗಿತ್ತು.

ಅಲ್ಲಿಗೇ ಓದು ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದಕ್ಕೂ ಓದಿದೆ. ಬೋಳುತಲೆಯ, ಗಾಯದ ಗುರುತಿನ ಹಳೆಯ ಶಿಲ್ಪಗಳನ್ನೆಲ್ಲ ಶತಮಾನಗಳ ಕಾಲ ಸ್ಕಿಪಿಯೋ ಎಂದೇ ಕರೆದರಂತೆ. ಅವುಗಳನ್ನು ನೋಡಿಯೇ ಇಂಥ ಚಿತ್ರಗಳನ್ನು ಕೊರೆದರಂತೆ. ರೋಮಿನ ಇತಿಹಾಸಕಾರ ಲಿವಿ, ಸ್ಕಿಪಿಯೋಗೆ ಇಳಿಬಿಟ್ಟ ಉದ್ದ ಕೂದಲಿತ್ತೆಂದು ಬರೆದಿಟ್ಟಿದ್ದಾನೆ. ಹಾಗಾದರೆ ಈ ಬೋಳುತಲೆಯವರು ಯಾರು? ಈಗಿನ ವಿದ್ವಾಂಸರ ಪ್ರಕಾರ, ಈಜಿಪ್ಟಿನ ಐಸಿಸ್ ದೇವಿಯ ಅರ್ಚಕರು.

ಚಿತ್ರ ನಡುಮನೆಯಲ್ಲೇ ಇದೆ. ಶುಕ್ರವಾರ ಅಮ್ಮ ದೇವರ ಪಟಗಳನ್ನು ಒರೆಸಿದ ಮೇಲೆ ಅದೇ ಬಟ್ಟೆಯಿಂದ ಇದನ್ನೂ ಒಂದು ಸಲ ಒರೆಸುತ್ತಾರೆ. ಅವರಿಗೆ ನಾನಿನ್ನೂ ಏನೂ ಹೇಳಿಲ್ಲ.