ಬಿ ಫಾರಂಗೂ ಜನಗಣತಿ ಬೇಕಾ?

ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸೀಟು ಹೆಂಗಸರಿಗೆ ಮೀಸಲಿಡುವ ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಗೆ ಮೊದಲ ಸಲ ಬಂದದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. 1998ರಲ್ಲಿ ಅದನ್ನು ವಿರೋಧಿಸಿದ ಸಂಸದರೊಬ್ಬರು ಸದನದಲ್ಲೇ ಅದರ ಪ್ರತಿಯನ್ನು ಕಿತ್ತುಕೊಂಡು ಹರಿದು ಹಾಕಿದರು. 2010ರಲ್ಲಿ ರಾಜ್ಯಸಭೆಯನ್ನೇನೋ ದಾಟಿತು, ಲೋಕಸಭೆಯ ಬಾಗಿಲಲ್ಲಿ ಕೂತುಬಿಟ್ಟಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಪಾಸಾಯಿತು. ಲೋಕಸಭೆಯಲ್ಲಿ 454 ಮಂದಿ ಪರ, ಬರೀ ಇಬ್ಬರು ವಿರುದ್ಧ. ಎಲ್ಲರೂ ಸ್ತ್ರೀಪರರೇ! ಆದರೆ ಜಾರಿಗೆ ಮೊದಲು ಜನಗಣತಿ ಆಗಬೇಕು, ಅದಾದ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು ಅಂತ ಅದರಲ್ಲೇ ಬರೆದಿಟ್ಟರು. ಸರಿ, 27 ವರ್ಷ ಕಾದವರಿಗೆ ಇನ್ನೊಂದಿಷ್ಟು ಕಾಯೋದು ಏನು ಮಹಾ.

ನನ್ನ ಪ್ರಶ್ನೆ ಇಷ್ಟೇ. ಬಿ ಫಾರಂ ಕೊಡೋಕೆ ಯಾವ ಜನಗಣತಿ ಬೇಕು? ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡೋ ಒಂದು ಹಾಳೆ ಕಣ್ರೀ ಅದು. ಹೆಸರು ಬರೆದು, ಸಹಿ ಹಾಕಿ, ಸೀಲ್ ಒತ್ತಿದರೆ ಮುಗಿಯಿತು.

ಮಸೂದೆ ಪಾಸಾಗಿ ಏಳು ತಿಂಗಳಿಗೆ ಲೋಕಸಭೆ ಚುನಾವಣೆ ಬಂತು. ಕರ್ನಾಟಕದಲ್ಲಿ ಬಿಜೆಪಿ 25 ಕಡೆ ನಿಂತು ಇಬ್ಬರು ಹೆಂಗಸರಿಗೆ ಟಿಕೆಟ್ ಕೊಟ್ಟಿತು, ಕಾಂಗ್ರೆಸ್ 28ರಲ್ಲಿ ಆರು ಮಂದಿಗೆ. ಜೆಡಿಎಸ್ ಪಾಲಿಗೆ ಬಂದದ್ದು ಮೂರೇ ಸೀಟು. ಮೂರರಲ್ಲಿ ಮೂರನೇ ಒಂದು ಭಾಗ ಅಂದ್ರೆ ಒಂದು, ಇಷ್ಟು ಸುಲಭದ ಲೆಕ್ಕ ಬೇರೆ ಯಾವ ಪಕ್ಷಕ್ಕೂ ಸಿಕ್ಕಿರಲಿಲ್ಲ. ಒಂದು ದೇವೇಗೌಡರ ಮಗನಿಗೆ ಹೋಯಿತು, ಒಂದು ಮೊಮ್ಮಗನಿಗೆ, ಉಳಿದ ಇನ್ನೊಂದೂ ಗಂಡಸಿಗೇ. 1996ರಲ್ಲಿ ಮಸೂದೆ ತಂದವರ ಪಕ್ಷ ಇದು, ನೆನಪಿರಲಿ.

ಕೇಳಿದರೆ "ಗೆಲ್ಲುವ ಕುದುರೆ ಬೇಕಲ್ಲ ಸ್ವಾಮಿ" ಅಂತಾರೆ. ಹೆಂಗಸು ಗೆಲ್ಲುವ ಕುದುರೆ ಆಗೋದು ಹೇಗೆ ಅಂತ ದಾವಣಗೆರೆಯಲ್ಲಿ ನೋಡಿದೆವು. ಒಂದು ಕಡೆ ಸಚಿವರ ಹೆಂಡತಿ, ಇನ್ನೊಂದು ಕಡೆ ಆಗಿನ ಸಂಸದರ ಹೆಂಡತಿ. ಅವರ ಸಾಮರ್ಥ್ಯದ ಬಗ್ಗೆ ನನಗೇನೂ ತಕರಾರಿಲ್ಲ, ಆದರೆ ಪಕ್ಷಗಳಿಗೆ ಅದು ಕಂಡದ್ದು ಇನಿಷಿಯಲ್ ನೋಡಿದ ಮೇಲೆ ಅಲ್ವಾ? ಆ ಚುನಾವಣೆಯಲ್ಲೇ ಕಾಂಗ್ರೆಸ್ಸಿನ ಹಿರಿಯ ಶಾಸಕರೊಬ್ಬರು ಬಿಜೆಪಿ ಅಭ್ಯರ್ಥಿ ಅಡುಗೆ ಮಾಡೋಕಷ್ಟೇ ಲಾಯಕ್ಕು ಅಂದುಬಿಟ್ಟರು. ಅವರು ಮತ ಕೇಳುತ್ತಿದ್ದದ್ದು ಯಾರಿಗೆ? ಸ್ವಂತ ಸೊಸೆಗೆ!

ಇನ್ನು ವರ್ಷಗಟ್ಟಲೆ ಬಾವುಟ ಹಿಡಿದು ಬಿಸಿಲಲ್ಲಿ ಮನೆ ಮನೆ ತಿರುಗಿದ ಮಹಿಳಾ ಘಟಕದವರು, ಮಾವ ಮಂತ್ರಿಯಲ್ಲದವರು, ಗಂಡ ಗುತ್ತಿಗೆದಾರನೂ ಅಲ್ಲದವರು, ಅವರಿಗೆ ಪಕ್ಷದಲ್ಲಿ ಒಂದು ಸ್ಥಾನ ಖಾಯಂ ಇದೆ. ನಾಯಕರು ಬಂದಾಗ ಬಾಗಿಲಲ್ಲಿ, ಆರತಿ ತಟ್ಟೆಯ ಹಿಂದೆ.

ಅಂದ ಹಾಗೆ, ಕಾಯ್ದೆ ಇಲ್ಲದ 2019ರಲ್ಲಿ ಲೋಕಸಭೆಗೆ 78 ಹೆಂಗಸರು ಗೆದ್ದಿದ್ದರು. ಕಾಯ್ದೆ ಬಂದ ಮೇಲೆ 2024ರಲ್ಲಿ, 543ರಲ್ಲಿ 74. ಹೀಗೇ ಇಳಿಯುತ್ತಾ ಹೋದರೆ ಜನಗಣತಿಯವರಿಗೆ ಎಣಿಸೋಕೂ ಸುಲಭ.